ಇಬ್ಬರೂ ಇದ್ದಾಗ ಬಿದ್ದ ಗೋಲುಗಳು

ನಮ್ಮ ಕ್ಲಬ್ಬಿನ ಹಾಕಿ ತಂಡದಲ್ಲಿ ಒಂದು ದಿನವೂ ಸ್ಟಿಕ್ಕು ಹಿಡಿಯದ ಇಬ್ಬರು ಸೇರಿಕೊಂಡು, ಹಿಡಿದವರಲ್ಲೆಲ್ಲ ಚೆನ್ನಾಗಿ ಆಡುತ್ತಿದ್ದವನನ್ನು ಹೊರಗೆ ಕೂರಿಸಿದೆವು. ಒಬ್ಬರು ಕ್ಲಬ್ಬಿನ ಕಾರ್ಯದರ್ಶಿ. ಇನ್ನೊಬ್ಬ ನಾನು. ಅವನ ಮೇಲೆ ನಮಗೆ ಹೊಟ್ಟೆಕಿಚ್ಚಿರಲಿಲ್ಲ, ಯಾರ ಶಿಫಾರಸೂ ಬಂದಿರಲಿಲ್ಲ. ಭಾಗಾಕಾರ ಮಾಡಿ ಕೂರಿಸಿದೆವು. ಎರಡು ದಶಾಂಶ ಸ್ಥಾನದವರೆಗೆ.

ಅರವತ್ತರ ದಶಕದ ನಡುವಿನ ಮಾತು. ನಾನು ಕೊಳ್ಳೇಗಾಲದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಸುಗ್ಗಿಯಲ್ಲಿ ಹಗ್ಗ, ಗೂಟ, ತಕ್ಕಡಿ ಹೊತ್ತು ಹಳ್ಳಿಗೆ ಹೋಗುವುದು, ಮೇಲಿನಿಂದ ಬಂದ ಪಟ್ಟಿಯಲ್ಲಿರುವ ಸರ್ವೆ ನಂಬರಿನಲ್ಲಿ ಒಂದು ಚೌಕ ಅಳೆಯುವುದು, ಅಷ್ಟರೊಳಗಿನ ಪೈರನ್ನು ಕೊಯ್ಯಿಸಿ ಬಡಿಯಿಸಿ ತೂಗಿ ಬರೆದುಕೊಂಡು ಬರುವುದು, ಇದು ನನ್ನ ಕೆಲಸ. ಇದಕ್ಕೆ ಬೆಳೆ ಕಟಾವು ಪ್ರಯೋಗ ಎಂದು ಹೆಸರು. ಕ್ಲಬ್ಬಿನ ಕಾರ್ಯದರ್ಶಿಯವರೇ ಕಚೇರಿಯಲ್ಲಿ ನನ್ನ ಮೇಲಧಿಕಾರಿ. ಅವರು ಲಂಚ ಮುಟ್ಟಿದವರಲ್ಲ, ತಡವಾಗಿ ಬಂದವರಲ್ಲ. ಅವರಿಗಿದ್ದದ್ದು ಒಂದೇ ಕಾಯಿಲೆ: ಫಾರಂನಲ್ಲಿ ಖಾಲಿ ಕಾಲಂ ಕಂಡರೆ ಆಗುತ್ತಿರಲಿಲ್ಲ. ಊಟ ಬಿಟ್ಟಾದರೂ ತುಂಬಿಸುತ್ತಿದ್ದರು. ಅವರು ಮೋಸಗಾರರಾಗಿದ್ದರೆ ಯಾರಾದರೂ ಎದುರು ನಿಲ್ಲುತ್ತಿದ್ದರು. ಪ್ರಾಮಾಣಿಕರಾಗಿದ್ದುದರಿಂದ ಎಲ್ಲರೂ ತಲೆಯಾಡಿಸಿದೆವು.

ಕ್ಲಬ್ಬಿನ ಪಂದ್ಯಗಳ ಲೆಕ್ಕ ಬರೆಯುವುದು ನನ್ನ ಪಾಲಿಗೆ ಬಂದಿತ್ತು. ಯಾವ ಊರು, ಯಾರ ಮೇಲೆ, ಎಷ್ಟು ಹೊಡೆದೆವು, ಎಷ್ಟು ಹೊಡೆಸಿಕೊಂಡೆವು. ಅಷ್ಟಕ್ಕೇ ಬಿಟ್ಟಿದ್ದರೆ ಸಾಕಿತ್ತು. ಆದರೆ ಬುದ್ಧಿವಂತಿಕೆ ತೋರಿಸುವ ವಯಸ್ಸು. ಗೋಲು ಬಿದ್ದಾಗ ಗೋಲ್‌ಕೀಪರಿನ ಮುಂದೆ ನಿಂತಿದ್ದ ಇಬ್ಬರು ಫುಲ್‌ಬ್ಯಾಕುಗಳು ಯಾರು ಎಂದು ಬರೆಯಲು ಇನ್ನೊಂದು ಕಾಲಂ ಗೆರೆ ಹಾಕಿದೆ. ತಡೆಯುವುದು ಒಬ್ಬನ ಕೆಲಸವಲ್ಲ, ಜೋಡಿಯ ಕೆಲಸ, ಆದ್ದರಿಂದ ಜೋಡಿಯನ್ನೇ ಅಳೆಯಬೇಕು ಎಂದು ನನ್ನ ವಾದ. ವಾದ ಈಗಲೂ ಸರಿಯೇ. ಹಾಳು ಮಾಡಿದ್ದು ಅದನ್ನು ಹಿಡಿದ ಕೈಗಳು.

ನಮ್ಮಲ್ಲಿ ಫುಲ್‌ಬ್ಯಾಕ್ ಆಡುವವರು ಮೂವರು. ಒಬ್ಬ ಕೊಳ್ಳೇಗಾಲದ ರೇಷ್ಮೆ ನೇಕಾರ. ಇನ್ನೊಬ್ಬ ಮುಳ್ಳೂರಿನ ರೈತ. ಮೂರನೆಯವನು ನಮ್ಮ ಕಚೇರಿಯ ಟೈಪಿಸ್ಟು. ಅವನ ಬಳಿ ಬಿಳಿ ಕ್ಯಾನ್ವಾಸ್ ಬೂಟುಗಳಿದ್ದವು, ಮಿಕ್ಕ ಇಬ್ಬರೂ ಬರಿಗಾಲು.

ನೇಕಾರನೂ ರೈತನೂ ಒಟ್ಟಿಗೆ ಆಡುವುದನ್ನು ನಾನು ಗೆರೆಯ ಪಕ್ಕದಲ್ಲಿ ನಿಂತು ನೋಡಿದ್ದೇನೆ. ಚೆಂಡು ಬಲಗಡೆಯಿಂದ ಬಂದರೆ ರೈತ ಮುಂದೆ ನುಗ್ಗಿ ಎದುರು ಬೀಳುತ್ತಿದ್ದ, ಅದೇ ಕ್ಷಣಕ್ಕೆ ನೇಕಾರ ಏಳೆಂಟು ಹೆಜ್ಜೆ ಹಿಂದೆ ಸರಿದು, ರೈತ ತಪ್ಪಿದರೆ ಚೆಂಡು ಎಲ್ಲಿಗೆ ಬರಬೇಕೋ ಅಲ್ಲಿ ನಿಂತಿರುತ್ತಿದ್ದ. ಎಡಗಡೆಯಿಂದ ಬಂದರೆ ಇದೇ ಉಲ್ಟಾ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಬರೀ ಕೂಗು.

"ಬುಡ್ಲಾ, ನಂದು!"

"ತಕೋ ಮತ್ತೆ, ತಪ್ಪುಸ್ಕಂಡ್ರೆ ನಿನ್ ಬೆನ್ನಿಗೆ ಬಾರ್ಸ್ತೀನಿ!"

ಗೋಲ್‌ಕೀಪರ್ ಒಬ್ಬ ಬಸ್ ಕಂಡಕ್ಟರ್. ಅವನು ಹೇಳುತ್ತಿದ್ದ: "ಇವ್ರಿಬ್ರೂ ಇದ್ರೆ ನಾನು ಟಿಕೆಟ್ ಲೆಕ್ಕಾನೂ ಅಲ್ಲೇ ನಿಂತ್ಕಂಡು ಮುಗುಸ್ಬೋದು ಕಣ್ರಿ."

ಆದರೆ ಇಬ್ಬರೂ ಒಟ್ಟಿಗೆ ಸಿಗುವುದು ಅಪರೂಪ. ನೇಕಾರರು ಅಮಾವಾಸ್ಯೆಯ ದಿನ ಮಗ್ಗ ಮುಟ್ಟುವುದಿಲ್ಲ, ಮಿಕ್ಕಂತೆ ಭಾನುವಾರವೂ ಬಿಡುವಿಲ್ಲ, ಹಬ್ಬಕ್ಕೂ ಅರ್ಧ ದಿನವೇ. ಮುಳ್ಳೂರಿನವನ ಮನೆಯಲ್ಲಿ ಸೋಮವಾರ ಎತ್ತು ಕಟ್ಟುವುದಿಲ್ಲ, ಅದು ಬಸವಣ್ಣನ ದಿನ. ಹೀಗಾಗಿ ಒಬ್ಬನಿಗೆ ಅಮಾವಾಸ್ಯೆ ಬಿಡುವು, ಇನ್ನೊಬ್ಬನಿಗೆ ಸೋಮವಾರ. ಇಬ್ಬರಲ್ಲಿ ಒಬ್ಬನೂ ಇಲ್ಲದಿದ್ದರೆ ಹೈಸ್ಕೂಲು ತಂಡವೂ ನಮ್ಮನ್ನು ಅಟ್ಟಾಡಿಸುತ್ತಿದ್ದುದರಿಂದ, ಸಣ್ಣಪುಟ್ಟ ಪಂದ್ಯಗಳನ್ನೆಲ್ಲ ಸೋಮವಾರ ಸಂಜೆಗೋ ಅಮಾವಾಸ್ಯೆಗೋ ಇಟ್ಟುಕೊಳ್ಳುತ್ತಿದ್ದೆವು. ಆ ದಿನ ಬಿಡುವಿದ್ದವನು ಬರುತ್ತಿದ್ದ, ಅವನ ಜೊತೆಗೆ ಟೈಪಿಸ್ಟು. ಮೈಸೂರಿನಿಂದ ದೊಡ್ಡ ತಂಡ ಬಂದರೆ ಮಾತ್ರ ನೇಕಾರ ಮಗ್ಗ ನಿಲ್ಲಿಸಿ, ರೈತ ಎತ್ತು ಬಿಚ್ಚಿ, ಇಬ್ಬರೂ ಬರುತ್ತಿದ್ದರು. ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ. ನನಗೂ ಗೊತ್ತಿತ್ತು. ಗೊತ್ತಿದ್ದೂ ನನ್ನ ಪುಸ್ತಕದಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಆ ವರ್ಷ ಯಳಂದೂರಿನಲ್ಲಿ ಒಂದು ಪಂದ್ಯಾವಳಿ ನಡೆಯಿತು. ನಾವು ಫೈನಲ್ ಮುಟ್ಟಿದೆವು, ಎದುರು ಮೈಸೂರಿನ ತಂಡ. ಅದೇ ಹೊತ್ತಿಗೆ ಮೈಸೂರಿನ ಒಂದು ಮಿಲ್ಲಿನಿಂದ ಕ್ಲಬ್ಬಿಗೆ ಕಾಗದ ಬಂತು: ತಮ್ಮ ತಂಡಕ್ಕೆ ಒಬ್ಬ ಫುಲ್‌ಬ್ಯಾಕ್ ಬೇಕು, ನಿಮ್ಮಲ್ಲಿ ಚೆನ್ನಾಗಿ ಆಡುವವರಿದ್ದಾರೆಂದು ಕೇಳಿದ್ದೇವೆ, ನಮ್ಮವರೊಬ್ಬರು ಫೈನಲ್ ನೋಡಲು ಬರುತ್ತಾರೆ, ಹಿಡಿಸಿದರೆ ಮಿಲ್ಲಿನಲ್ಲಿ ಕೆಲಸ.

ನೇಕಾರನಿಗೆ ಈ ಕೆಲಸ ಬೇಕಿತ್ತು. ಅದನ್ನು ಅವನು ಬಾಯಿಬಿಟ್ಟು ಹೇಳಿದ್ದ. ಹನ್ನೆರಡನೆಯ ವಯಸ್ಸಿನಿಂದ ಅವನು ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವನು. "ಎಂಗಾನ ಆಗ್ಲಿ ಸಾ, ನಿಂತ್ಕಂಡು ಮಾಡೋ ಕೆಲ್ಸ ಒಂದು ಸಿಕ್ಬುಡ್ಲಿ," ಎಂದಿದ್ದ ನನ್ನ ಬಳಿ. ಮಂಡಿಯಿಂದ ಕೆಳಗೆ ಚಳಿಗಾಲದಲ್ಲಿ ಅವನಿಗೆ ಜೋಮು ಹಿಡಿಯುತ್ತಿತ್ತು. ಆಡುವಾಗ ಹೊರತು ಕಾಲು ತನ್ನದು ಅನ್ನಿಸುವುದಿಲ್ಲ ಎನ್ನುತ್ತಿದ್ದ.

ಫೈನಲ್‌ಗೆ ತಂಡ ಆರಿಸುವ ಮುಂಚೆ ಕಾರ್ಯದರ್ಶಿಯವರು ನನ್ನ ಪುಸ್ತಕ ಕೇಳಿದರು. ಸಂತೋಷದಿಂದ ಕೊಟ್ಟೆ. ಅವರೇ ಕೂತು ಜೋಡಿ ಜೋಡಿಯಾಗಿ ಕೂಡಿ ಭಾಗಿಸಿದರು. ನೇಕಾರ ಮತ್ತು ರೈತ: ಆರು ಪಂದ್ಯ, ಹದಿಮೂರು ಗೋಲು. ರೈತ ಮತ್ತು ಟೈಪಿಸ್ಟು: ಹತ್ತು ಪಂದ್ಯ, ಎಂಟು ಗೋಲು. ನೇಕಾರ ಮತ್ತು ಟೈಪಿಸ್ಟು: ಒಂಬತ್ತು ಪಂದ್ಯ, ಎಂಟು ಗೋಲು.

"ಏನ್ರೀ ಇದು!" ಎಂದರು. "ಬೇರೆ ಬೇರೆ ಇದ್ದಾಗ ಪಂದ್ಯಕ್ಕೆ ಒಂದು ಗೋಲೂ ಪೂರ್ತಿ ಇಲ್ಲ. ಸೇರಿದರೆ ಎರಡರ ಮೇಲೆ ಚಿಲ್ಲರೆ. ಒಬ್ಬರನ್ನೊಬ್ಬರು ಕೆಡಿಸ್ತಾ ಇದ್ದಾರೆ!"

"ಸಾರ್, ಅವರಿಬ್ಬರೂ ಆಡೋದನ್ನ ನೀವೇ ನೋಡಿದ್ದೀರಿ."

"ಕಣ್ಣು ಮೋಸ ಮಾಡುತ್ತೆ ಕಣ್ರೀ. ಅದಕ್ಕೇ ಸರ್ಕಾರ ನಮ್ಮನ್ನ ಸಂಬಳ ಕೊಟ್ಟು ಇಟ್ಕೊಂಡಿರೋದು."

ಹಾಗಾದರೆ ಇಬ್ಬರಲ್ಲಿ ಒಬ್ಬ ಹೋಗಬೇಕು. ಯಾರ ಜೊತೆ ನಿಂತರೂ ಗೋಲು ತಡೆಯುವ ಮಹಾಪುರುಷ ಯಾರೆಂದು ಪಟ್ಟಿಯೇ ಹೇಳುತ್ತಿತ್ತು: ಬಿಳಿ ಬೂಟಿನ ಟೈಪಿಸ್ಟು. ಅವನ ಪಕ್ಕದಲ್ಲಿ ರೈತನಿದ್ದರೆ ಪಂದ್ಯಕ್ಕೆ ಸೊನ್ನೆ ಬಿಂದು ಎಂಟು ಸೊನ್ನೆ, ನೇಕಾರನಿದ್ದರೆ ಸೊನ್ನೆ ಬಿಂದು ಎಂಟು ಒಂಬತ್ತು. ಒಂದು ಗೋಲನ್ನು ನೂರು ಚೂರು ಮಾಡಿ, ಅದರಲ್ಲಿ ಒಂಬತ್ತು ಚೂರಿನ ಸಲುವಾಗಿ ನೇಕಾರನ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಬಿತ್ತು. ಒಂಬತ್ತು ಚೂರು ಗೋಲು ಹೇಗಿರುತ್ತದೆಂದು ನಾನು ಈವತ್ತಿನವರೆಗೂ ಕಂಡಿಲ್ಲ.

ಆಗ ನನಗೆ ಏನೋ ಸರಿಯಿಲ್ಲ ಅನ್ನಿಸಿತ್ತು. ಎಲ್ಲಿ ಎಂದು ಕೈಯಿಟ್ಟು ತೋರಿಸಲು ಬರಲಿಲ್ಲ. ನನ್ನದೇ ಕಾಲಂ, ನನ್ನದೇ ಅಕ್ಷರ, ಭಾಗಾಕಾರವೂ ತಪ್ಪಿರಲಿಲ್ಲ.

ತೋರಿಸಿಕೊಟ್ಟವನು ಶಾಗ್ಯದ ಒಬ್ಬ ರೈತ. ಫೈನಲ್‌ಗೆ ಮೂರು ದಿನ ಇರುವಾಗ ಅವನ ಹೊಲದಲ್ಲಿ ರಾಗಿಯ ಕಟಾವಿಗೆ ಹೋಗಿದ್ದೆ. ಚೌಕದ ರಾಗಿ ಬಡಿಯಿಸಿ ತಕ್ಕಡಿಗೆ ಹಾಕುವಾಗ ಅವನು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಮುಳ್ಳನ್ನೇ ನೋಡುತ್ತಿದ್ದ.

"ಧನಗೆರೆಗೂ ಓಗಿದ್ರಂತಲ್ಲ ಸಾ. ಅಲ್ಲೆಷ್ಟ್ ಬಂತು?"

ಹೇಳಿದೆ.

"ಅದು ನೀರ್ ಕುಡ್ದಿರೋ ಗದ್ದೆ ಕಣ್ರಿ. ನನ್ ವಲ ಮಳೆ ಬುಟ್ರೆ ಇನ್ನೇನ್ ಕಂಡದೆ? ಎಲ್ಡ್ನೂ ಒಂದೇ ಪುಸ್ತಕದಲ್ ಬರ್ಕತೀರಾ?"

"ಛೆ, ಇಲ್ಲಪ್ಪ. ಗದ್ದೆಗೆ ಬೇರೆ ಪುಸ್ತಕ, ಹೊಲಕ್ಕೆ ಬೇರೆ ಪುಸ್ತಕ. ಅವೆರಡನ್ನ ಸೇರಿಸಿ ಹೋಲಿಸಿದರೆ ನನ್ನ ಕೆಲಸವೇ ಹೋಗುತ್ತೆ," ಎಂದೆ, ತುಸು ದೊಡ್ಡಸ್ತಿಕೆಯಿಂದಲೇ.

"ಅಷ್ಟಾದ್ರೂ ಬುದ್ಧಿ ಅದಲ್ಲ ನಿಮ್ ಆಫೀಸಿಗೆ, ಬುಡಿ," ಎಂದ.

ಕೈಯಲ್ಲಿದ್ದ ತಕ್ಕಡಿಯನ್ನು ಕೆಳಗಿಟ್ಟೆ. ಒಂದು ಪುಸ್ತಕದಲ್ಲಿ ಮೈಸೂರಿನ ತಂಡ, ಅದೇ ಪುಸ್ತಕದಲ್ಲಿ ಹೈಸ್ಕೂಲು ತಂಡ. ನೇಕಾರನೂ ಮುಳ್ಳೂರಿನವನೂ ಸೇರಿ ಆಡಿದ ಆರೂ ಪಂದ್ಯಗಳು ದೊಡ್ಡ ತಂಡಗಳ ಮೇಲೆ. ಟೈಪಿಸ್ಟು ಆಡಿದ ಹತ್ತೊಂಬತ್ತು ಪಂದ್ಯಗಳೂ ಸೋಮವಾರದವು, ಅಮಾವಾಸ್ಯೆಯವು, ಅಂದರೆ ಶಾಲೆಯವರ ಮೇಲೆ, ಕಚೇರಿಯವರ ಮೇಲೆ. ನಾವು ಅಳೆದದ್ದು ಜೋಡಿಯನ್ನಲ್ಲ, ಎದುರಾಳಿಯನ್ನು. ರಾಗಿಯ ತೂಕದಲ್ಲಿ ನಾನು ಮಾಡಿದ್ದರೆ ನೋಟೀಸು ಬರುತ್ತಿದ್ದ ತಪ್ಪನ್ನು, ನೋಟೀಸು ಕೊಡಬೇಕಾದವರೇ ಒಬ್ಬ ಮನುಷ್ಯನ ಬದುಕಿನಲ್ಲಿ ಮಾಡಿದ್ದರು. ಅದಕ್ಕೆ ಕಾಗದ ಒದಗಿಸಿದವನು ನಾನು.

ಶಾಗ್ಯದಿಂದ ಹನೂರಿಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಕೊಳ್ಳೇಗಾಲಕ್ಕೆ ಬರುವಷ್ಟರಲ್ಲಿ ತೊಡೆಯ ಮೇಲೆ ಕಾಗದ ಇಟ್ಟುಕೊಂಡು ನೆನಪಿನಿಂದ ಇನ್ನೊಂದು ಪಟ್ಟಿ ಬರೆದೆ. ದೊಡ್ಡ ಪಂದ್ಯ ಒಂದು ಕಡೆ, ಸಣ್ಣ ಪಂದ್ಯ ಒಂದು ಕಡೆ. ದೊಡ್ಡ ಪಂದ್ಯಗಳ ಸಾಲಿನಲ್ಲಿ ಟೈಪಿಸ್ಟಿನ ಮುಂದೆ ಏನೂ ಇರಲಿಲ್ಲ. ಅವನು ಒಂದು ದೊಡ್ಡ ಪಂದ್ಯವನ್ನೂ ಆಡಿರಲಿಲ್ಲ. ಬಸ್ಸು ಹನೂರು ಬಿಡುವಾಗಲೇ ಇನ್ನೊಂದು ನೆನಪಾಯಿತು. ನೇಕಾರನ ಎಂಟು ಗೋಲುಗಳಲ್ಲಿ ಒಂದು ಬಿದ್ದದ್ದು ಇದೇ ಹನೂರಿನ ಮೈದಾನದಲ್ಲಿ, ಒಂದು ಅಮಾವಾಸ್ಯೆ. ಆಗ ಟೈಪಿಸ್ಟು ಬಗ್ಗಿ ಬೂಟಿನ ಲಾಡಿ ಕಟ್ಟುತ್ತಿದ್ದ, ಚೆಂಡು ಅವನ ಪಕ್ಕದಲ್ಲೇ ಹೋಯಿತು. ನಾನು ಕಣ್ಣಾರೆ ಕಂಡಿದ್ದೆ. ಪುಸ್ತಕದಲ್ಲಿ ಜೋಡಿಯ ಹೆಸರಿಗೆ ಬರೆದಿದ್ದೆ. ಅದೊಂದನ್ನು ತೆಗೆದರೆ ಸೊನ್ನೆ ಬಿಂದು ಏಳು ಎಂಟು, ನೇಕಾರ ಉಳಿಯುತ್ತಿದ್ದ.

ಮರುದಿನ ಕಚೇರಿ ತೆರೆಯುತ್ತಲೇ ಎರಡೂ ಪಟ್ಟಿ ಹಿಡಿದು ಕಾರ್ಯದರ್ಶಿಯವರ ಮೇಜಿನ ಮುಂದೆ ನಿಂತೆ. ಗದ್ದೆ, ಹೊಲ ಎಂದು ಶುರು ಮಾಡಿದೆ. ಅವರು ಕೇಳಲಿಲ್ಲ ಎಂದು ಹೇಳಲಾರೆ. ಪೂರ್ತಿ ಕೇಳಿದರು.

"ಇದೇನು ಇಲ್ಲಿ, ಖಾಲಿ ಬಿಟ್ಟಿದ್ದೀರಿ? ಸೊನ್ನೆನಾ?"

"ಸೊನ್ನೆ ಅಲ್ಲ ಸಾರ್. ಗೊತ್ತಿಲ್ಲ ಅಂತ."

"ಗೊತ್ತಿಲ್ಲ ಅನ್ನೋ ಕಾಲಂ ಯಾವ ಫಾರಂನಲ್ಲಿದೆ, ತೋರಿಸ್ರಿ."

ಹನೂರಿನ ಗೋಲಿನ ವಿಷಯ ತೆಗೆದೆ.

"ಗೋಲು ಬಿತ್ತೋ ಇಲ್ಲವೋ?"

"ಬಿತ್ತು ಸಾರ್."

"ಬರೆದವರು ಯಾರು?"

"ನಾನೇ."

"ಮತ್ತೆ? ಆವತ್ತು ಬರೆದದ್ದು ಸತ್ಯವೋ, ಈವತ್ತು ಬಸ್ಸಲ್ಲಿ ಕೂತು ಬರೆದದ್ದು ಸತ್ಯವೋ? ಹೋಗ್ರಿ, ಶಾಗ್ಯದ ತೂಕ ದಾಖಲೆ ಮಾಡಿ."

ಹೋದೆ. ದಾಖಲೆ ಮಾಡಿದೆ. ಆಗ ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಇದನ್ನು ನೆಪವಾಗಿ ಹೇಳುತ್ತಿಲ್ಲ, ಆ ದಿನ ನನ್ನ ಬಾಯಿ ಮುಚ್ಚಿಸಿದ್ದು ಇದೇ ಆದ್ದರಿಂದ ಬರೆಯುತ್ತಿದ್ದೇನೆ. ಆಟಗಾರರ ಬಳಿ ಹೋಗಿ ಹೇಳಬಹುದಿತ್ತು. ನೇಕಾರನ ಬೀದಿ ನಮ್ಮ ಕಚೇರಿಯಿಂದ ಹತ್ತು ನಿಮಿಷದ ದಾರಿ. ಎರಡು ದಿನವಿತ್ತು. ಹೋಗಲಿಲ್ಲ.

ಯಳಂದೂರಿನ ಮೈದಾನದ ಅಂಚಿನಲ್ಲಿ, ಪಂದ್ಯಕ್ಕೆ ಅರ್ಧ ಗಂಟೆ ಮುಂಚೆ, ಕಾರ್ಯದರ್ಶಿಯವರು ಹೆಸರು ಓದಿದರು. ನೇಕಾರ ಮಗ್ಗಕ್ಕೆ ತಮ್ಮನನ್ನು ಕೂರಿಸಿ ಬಂದಿದ್ದ. ಒಗೆದ ಬಿಳಿ ಚಡ್ಡಿ ಹಾಕಿಕೊಂಡಿದ್ದ. ಹನ್ನೊಂದೂ ಹೆಸರು ಮುಗಿದ ಮೇಲೂ ಅವನು ಇನ್ನೊಂದು ಹೆಸರಿಗೆ ಕಾದು ನಿಂತಿದ್ದ.

"ಸಾ, ನನ್ ಎಸ್ರು?"

"ನಿಮ್ಮಿಬ್ಬರ ಜೋಡಿ ಸರಿಯಿಲ್ಲಪ್ಪ. ಎರಡು ಬಿಂದು ಒಂದು ಏಳು. ಲೆಕ್ಕ ಹಾಕಿ ನೋಡಿಯೇ ಮಾಡಿದ್ದು," ಎಂದು ಕಾರ್ಯದರ್ಶಿಯವರು ಪುಸ್ತಕ ತೆರೆದು ತೋರಿಸಿದರು. ಒಳ್ಳೆಯ ಮನಸ್ಸಿನಿಂದಲೇ ತೋರಿಸಿದರು. ನೇಕಾರ ಆ ಅಂಕಿಗಳನ್ನು ನೋಡಿದ. ಆಮೇಲೆ ಅಕ್ಷರ ಗುರುತು ಹಿಡಿದವನಂತೆ ನನ್ನನ್ನು ನೋಡಿದ.

ಮುಳ್ಳೂರಿನವನು ಸ್ಟಿಕ್ಕು ನೆಲಕ್ಕೆ ಎಸೆದ. "ಅಂಗಾರೆ ನಾನೂ ಆಡಾಕಿಲ್ಲ ಕಣ್ಲಾ. ನಡಿ, ಮನೆಗೋಗವ."

"ಎತ್ಕಳ್ಲಾ ಅದ. ನೀನೂ ಬಂದ್ಬುಟ್ಟು ಇವ್ರು ಸೋತ್ರೆ, ಆ ಗೋಲ್ಗಳ್ನೂ ನನ್ ಎಸ್ರಿಗೇ ಬರ್ಕತಾರೆ."

ಯಾರೋ ನಕ್ಕರು. ನೇಕಾರ ನಗಲಿಲ್ಲ. ಮೈದಾನದ ಆಚೆ, ಹುಣಿಸೆ ಮರದ ಕೆಳಗೆ, ಮಿಲ್ಲಿನಿಂದ ಬಂದಿದ್ದ ಕೋಟಿನ ಮನುಷ್ಯ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ನೇಕಾರ ಅವನಿಂದ ಇಪ್ಪತ್ತು ಮಾರು ದೂರದಲ್ಲಿ ನೆಲದ ಮೇಲೆ ಕೂತ.

ಪಂದ್ಯದ ಬಗ್ಗೆ ಹೇಳಬೇಕಾದ್ದು ಇಷ್ಟು. ಮೈಸೂರಿನವರು ನಮ್ಮ ಗೋಲಿನ ಮುಂದಿನ ಅರ್ಧ ವೃತ್ತದೊಳಗೆ ಇಪ್ಪತ್ತಾರು ಸಲ ಬಂದರು. ನಾನು ಎಣಿಸಿದೆ, ಬೇರೆ ಏನು ಮಾಡಬೇಕೆಂದು ತಿಳಿಯದೆ ಎಣಿಸಿದೆ. ಎರಡು ಸಲ ಚೆಂಡು ಗೋಲಿನ ಕಂಬಕ್ಕೆ ಬಡಿಯಿತು. ಒಮ್ಮೆ ಅವರದೇ ಆಟಗಾರನ ಸೊಂಟಕ್ಕೆ ತಗುಲಿ ಹೊರಗೆ ಹೋಯಿತು. ಮುಳ್ಳೂರಿನವನು ಮುಂದೆ ನುಗ್ಗಿ ಹಿಂದೆ ತಿರುಗಿದಾಗಲೆಲ್ಲ ಜೋಡಿಯವನು ಇರಬೇಕಾದ ಜಾಗದಲ್ಲಿ ಯಾರೂ ಇರುತ್ತಿರಲಿಲ್ಲ. ಟೈಪಿಸ್ಟು ಎಲ್ಲೋ ಇನ್ನೊಂದು ಕಡೆ, ಓಡುತ್ತಾ ಇರುತ್ತಿದ್ದ. ಮಿಕ್ಕದ್ದನ್ನೆಲ್ಲ ಕಂಡಕ್ಟರ್ ಕಾಲಿನಿಂದ, ಎದೆಯಿಂದ, ಒಮ್ಮೆ ಕಿವಿಯಿಂದ ತಡೆದ. ಕೊನೆಗೆ ನಮಗೊಂದು ಪೆನಾಲ್ಟಿ ಕಾರ್ನರ್ ಸಿಕ್ಕಿತು. ಚೆಂಡು ಯಾರ ಯಾರದೋ ಸ್ಟಿಕ್ಕು ತಾಗಿ ಒಳಗೆ ಹೋಯಿತು. ಗೆದ್ದೆವು. ಒಂದಕ್ಕೆ ಸೊನ್ನೆ.

ಸೋತಿದ್ದರೆ ಎಷ್ಟು ಚೆನ್ನಾಗಿತ್ತು. ಆ ಗೆಲುವಿನಷ್ಟು ಕೆಟ್ಟ ಸೋಲನ್ನು ನಾನು ನೋಡಿಲ್ಲ.

ಕಾರ್ಯದರ್ಶಿಯವರು ಗೆರೆಯುದ್ದಕ್ಕೂ ಓಡಿ ಬಂದರು, ಪಂಚೆ ಎತ್ತಿ ಹಿಡಿದುಕೊಂಡು. "ನೋಡಿದ್ರೇನ್ರೀ? ಸೊನ್ನೆ! ನಿಮ್ಮ ಖಾಲಿ ಕಾಲಂ ಇತ್ತಲ್ಲ, ಬರೀರಿ ಅದರಲ್ಲಿ ಸೊನ್ನೆ!"

ಬರೆದೆ. ತಮ್ಮ ಎದುರಿಗೇ ಬರೆಸಿಕೊಂಡರು.

ಟೈಪಿಸ್ಟಿಗೆ ಹಾರ ಬಿತ್ತು. ಪಾಪ, ಅವನು ನನ್ನ ಹತ್ತಿರ ಬಂದು ಮೆಲ್ಲಗೆ, "ನನಗೆ ಚೆಂಡೇ ಕಾಣಲಿಲ್ಲ ಸಾರ್," ಎಂದ. ಕಂಡಕ್ಟರ್ ಮಂಡಿಯ ಕೆಳಗಿನ ಬಾವು ಎಲ್ಲರಿಗೂ ತೋರಿಸುತ್ತಿದ್ದ: "ಇವತ್ತು ಇವೇ ಕಣ್ರಿ ಫುಲ್‌ಬ್ಯಾಕು, ಎಡ್ಗಾಲೊಂದು ಬಲ್ಗಾಲೊಂದು."

ಮಿಲ್ಲಿನವನು ಹುಣಿಸೆ ಮರದ ಕೆಳಗಿನಿಂದ ಎದ್ದು ಮುಳ್ಳೂರಿನವನ ಹತ್ತಿರ ಬಂದ. ಮೈಸೂರಿಗೆ ಬರುತ್ತೀಯಾ ಎಂದು ಕೇಳಿದ.

"ನಂಗ್ಯಾಕ್ ಸಾ? ಎತ್ತು, ಗದ್ದೆ, ಎಲ್ಲಾ ಇಲ್ಲೇ ಅವೆ. ನೀವ್ ಉಡುಕ್ತಿರೋನು ಅಗೋ, ಅಲ್ ಕುಂತವ್ನೆ. ಅವ್ನ ಕರ್ಕಂಡೋಗಿ. ನನ್ಗಿಂತ ಎಲ್ಡ್ ಪಟ್ಟು."

ಮಿಲ್ಲಿನವನು ತಿರುಗಿ ನೇಕಾರನನ್ನು ಮೇಲಿನಿಂದ ಕೆಳಗೆ ನೋಡಿದ. ಆಮೇಲೆ ಕಾರ್ಯದರ್ಶಿಯವರನ್ನು ಕೇಳಿದ. ಕಾರ್ಯದರ್ಶಿಯವರು ಪುಸ್ತಕ ತೆರೆದರು.

"ನಾನು ಕಂಡದ್ದನ್ನು ಮಾತ್ರ ಹೇಳಬಲ್ಲೆನಪ್ಪ," ಎಂದ ಮಿಲ್ಲಿನವನು ನೇಕಾರನಿಗೆ, ಗಡಿಯಾರ ನೋಡುತ್ತ. "ಇವತ್ತು ನೀನು ಆಡಲಿಲ್ಲವಲ್ಲ." ಐದು ಗಂಟೆಯ ಬಸ್ಸಿಗೆ ಅವನು ಹೊರಟುಹೋದ.

ನಾಲ್ಕು ದಿನ ಬಿಟ್ಟು ನಾನು ನೇಕಾರನ ಮನೆಗೆ ಹೋದೆ. ಹೊರಗಿನಿಂದಲೇ ಮಗ್ಗದ ಸದ್ದು ಕೇಳುತ್ತಿತ್ತು. ಒಳಗೆ ಅವನು ಗುಂಡಿಯಲ್ಲಿ ಕಾಲಿಟ್ಟು ಕೂತಿದ್ದ. ಉದ್ದಕ್ಕೆ ಬಿಗಿದ ಹಾಸಿನ ಎಳೆಗಳ ಮೇಲೆ ಮಾವಿನ ಚಿಗುರಿನ ಬಣ್ಣದ ಸೀರೆ, ಒಂದು ಮೊಳದಷ್ಟು ಆಗಿತ್ತು. ನನ್ನನ್ನು ನೋಡಿ ಲಾಳಿ ನಿಲ್ಲಿಸಲಿಲ್ಲ. ಕೂರಿ ಎನ್ನಲೂ ಇಲ್ಲ.

ನಿಂತೇ ಎಲ್ಲವನ್ನೂ ಹೇಳಿದೆ. ಕಾಲಂ ಹಾಕಿದ್ದು ನಾನು, ದೊಡ್ಡ ಪಂದ್ಯ ಸಣ್ಣ ಪಂದ್ಯ ಬೇರೆ ಮಾಡದೆ ಬಿಟ್ಟದ್ದು ನಾನು, ಹನೂರಿನ ಗೋಲನ್ನು ಅವನ ಲೆಕ್ಕಕ್ಕೆ ಬರೆದದ್ದು ನಾನು, ತಿಳಿದ ಮೇಲೂ ಎರಡು ದಿನ ಸುಮ್ಮನಿದ್ದದ್ದು ನಾನು. ಅಂಕಿಗಳನ್ನೂ ಹೇಳಿದೆ. ಅಂಕಿ ಹೇಳುವಾಗ ಅವನು ಲಾಳಿ ನಿಲ್ಲಿಸಿದ.

"ಆ ಅನೂರಿನ ಗೋಲು ಒಂದ್ ಬರೀದೆ ಇದ್ದಿದ್ರೆ?"

"ನೀನು ಆಡುತ್ತಿದ್ದೆ."

"ಅವ್ನು?"

"ಅವನನ್ನ ಕೂರಿಸುತ್ತಿದ್ದರು."

ಅವನು ಲಾಳಿಯನ್ನು ಪಕ್ಕಕ್ಕಿಟ್ಟ. "ಅಂಗಾಗಿದ್ರೆ ನೀವು ಮುಳ್ಳೂರಿಗೆ ಓಗಿ ಇದ್ನೆಲ್ಲ ಅವ್ನಿಗ್ ಏಳ್ತಿದ್ರಾ ಸಾ?"

ಹೋಗುತ್ತಿದ್ದೆನೆಂದು ನನಗನ್ನಿಸುವುದಿಲ್ಲ. ಗೆದ್ದವರ ಜೊತೆ ಕೂತು ಕಾಫಿ ಕುಡಿಯುತ್ತಿದ್ದೆ.

"ಇನ್ಮೇಲೆ ನನ್ ಕರೀಬ್ಯಾಡಿ. ಅಮಾಸೆಗೂ ಬರಾಕಿಲ್ಲ," ಎಂದ. ಸಿಟ್ಟಿನಿಂದ ಹೇಳಲಿಲ್ಲ. ಗಿರಾಕಿಗೆ ಸೀರೆ ಈ ವಾರ ಆಗುವುದಿಲ್ಲ ಎಂದು ಹೇಳುವ ಹಾಗೆ ಹೇಳಿದ.

ಮತ್ತೆ ನೇಯಲು ಶುರು ಮಾಡಿದ. ಎರಡು ಮೂರು ಎಳೆ ಹೋಗಿ ಹಾಸಿನಲ್ಲಿ ಎಲ್ಲೋ ಒಂದು ನೂಲು ತುಂಡಾಯಿತು. ಅವನು ಮುಂದಕ್ಕೆ ಬಗ್ಗಿ, ಕಣ್ಣು ಕಿರಿದು ಮಾಡಿ, ಅದರ ತುದಿ ಹುಡುಕತೊಡಗಿದ. ನಾನು ಇನ್ನೂ ನಿಂತೇ ಇದ್ದೆ.

"ಬೆಳಕ್ಗೆ ಅಡ್ಡ ನಿಂತಿದ್ದೀರಿ ಸಾ," ಎಂದ, ತಲೆ ಎತ್ತದೆ. "ಒಸಿ ಅತ್ಲಾಗೆ ಸರ್ಕಳಿ."

ಸರಿದುಕೊಂಡೆ. ತುದಿ ಅವನ ಬೆರಳಿಗೆ ಸಿಕ್ಕಿತು.